ಉಸಿರಿನ ಸಾಲ, ಮಾತಿನ ಒತ್ತೆ
(ಬಾನುಲಿ ಭಾಷಣ)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಐದು ಊರುಗಳ ನಡುವೆ ಅರಿವಳಿಕೆಯ ವೈದ್ಯನಾಗಿ ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ತಿರುಗಾಡಿದ್ದೇನೆ. ಬೆಳಿಗ್ಗೆ ನಿಪ್ಪಾಣಿಯಲ್ಲೊಂದು ಶಸ್ತ್ರಕ್ರಿಯೆ, ಮಧ್ಯಾಹ್ನ ಚಿಕ್ಕೋಡಿಯಲ್ಲಿ ಇನ್ನೊಂದು, ರಾತ್ರಿ ಅಥಣಿಯಿಂದ ಕರೆ. ಶಸ್ತ್ರವೈದ್ಯರ ಹೆಸರನ್ನು ಜನ ಮೊಮ್ಮಕ್ಕಳ ಕಾಲದವರೆಗೂ ನೆನೆಯುತ್ತಾರೆ. ಅರಿವಳಿಕೆಯವನನ್ನು ಯಾರೂ ನೆನೆಯುವುದಿಲ್ಲ. ಅವನ ಕೆಲಸ ಮೊದಲಾಗುವ ಹೊತ್ತಿಗೆ ರೋಗಿ ನಿದ್ದೆಹೋಗಿರುತ್ತಾನೆ, ಎಚ್ಚರಗೊಳ್ಳುವ ಹೊತ್ತಿಗೆ ಅವನ ಕೆಲಸ ಮುಗಿದಿರುತ್ತದೆ. ಅದಕ್ಕಾಗಿ ನನಗೆ ಬೇಸರವೇನೂ ಇಲ್ಲ. ಆದರೆ ಆಸ್ಪತ್ರೆಗಳ ಪಡಸಾಲೆಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿ ಜನ ಮತ್ತೆ ಮತ್ತೆ ಕೇಳಿದ ಒಂದು ಪ್ರಶ್ನೆ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. "ಸಾಹೇಬ್ರ, ನಳಿ ಹಾಕಿದ್ರ ಮನಷ್ಯಾ ತಿರುಗಿ ಬರೂದಿಲ್ಲಂತಾರ. ಖರೇ ಏನ್ರಿ?"

೨೦೨೦ ಮತ್ತು ೨೦೨೧ರ ಕೊರೋನಾ ದಿನಗಳಲ್ಲಿ ಈ ಪ್ರಶ್ನೆ ಮನೆಮನೆಯನ್ನೂ ಹೊಕ್ಕಿತು. ವೆಂಟಿಲೇಟರ್ ಎಂಬ ಮಾತು ಕೇಳಿದೊಡನೆ ಮನೆಯವರ ಮುಖ ಬಾಡುತ್ತಿತ್ತು. ಅವರ ಅಂಜಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಹಾಗೆಂದು ಅದು ಪೂರ್ತಿ ನಿಜವೂ ಆಗಿರಲಿಲ್ಲ. ಕೇಳುಗರೆ, ಇಂದಿನ ಈ ಸ್ವಲ್ಪ ಹೊತ್ತಿನಲ್ಲಿ ಉಸಿರಿನ ನಳಿಕೆಯೆಂದರೇನು, ಅದು ಎಲ್ಲಿ ಕಾಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾನು ಕಂಡಂತೆ ತಮ್ಮ ಮುಂದೆ ಇಡಬಯಸುತ್ತೇನೆ.

ನಮ್ಮ ಗಂಟಲಿನ ತಳದಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ಒಂದು ಗಾಳಿಯ ದಾರಿ, ಇನ್ನೊಂದು ಅನ್ನದ ದಾರಿ. ಎರಡಕ್ಕೂ ಅಂತರ ಬೆರಳಿನ ಅಗಲದಷ್ಟೂ ಇಲ್ಲ. ಶ್ವಾಸನಾಳದ ಬಾಗಿಲಿನಲ್ಲಿ ಮುತ್ತಿನ ಬಣ್ಣದ ಎರಡು ಪಟ್ಟಿಗಳಿವೆ, ಅವೇ ಧ್ವನಿತಂತುಗಳು. ನಾವು ಉಸಿರಾಡುವಾಗ ಅವು ತೆರೆದುಕೊಳ್ಳುತ್ತವೆ, ನುಂಗುವಾಗ ಮುಚ್ಚಿಕೊಳ್ಳುತ್ತವೆ, ಮಾತನಾಡುವಾಗ ಒಂದರ ಬಳಿಗೊಂದು ಬಂದು ಕಂಪಿಸುತ್ತವೆ. ನಮ್ಮ ಭಾಗದಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ನಡೆಯುವಾಗ ಬೆಳಗಿನ ಜಾವದವರೆಗೆ ಬಯಲನ್ನೆಲ್ಲ ತುಂಬುವ ಆ ಏರುದನಿ ಹುಟ್ಟುವುದು ಒಂದು ಅಂಗುಲಕ್ಕಿಂತ ಹೆಚ್ಚು ಉದ್ದವಿಲ್ಲದ ಈ ಎರಡು ಪಟ್ಟಿಗಳ ನಡುವೆಯೇ.

ಉಸಿರಿನ ನಳಿಕೆ ಹೋಗಬೇಕಾದುದು ಈ ಬಾಗಿಲಿನ ಮೂಲಕ. ಕಿರುಬೆರಳಿನ ಗಾತ್ರದ, ಬಾಗಿದ ಪ್ಲಾಸ್ಟಿಕ್ ಕೊಳವೆಯದು. ಅದರ ತುದಿಯಲ್ಲಿ ಗಾಳಿ ತುಂಬಿದರೆ ಉಬ್ಬುವ ಒಂದು ಸಣ್ಣ ಬುಗ್ಗೆ. ಲ್ಯಾರಿಂಗೋಸ್ಕೋಪು ಎಂಬ ಬೆಳಕಿನ ಸಾಧನದಿಂದ ನಾಲಿಗೆಯನ್ನು ಪಕ್ಕಕ್ಕೆ ಸರಿಸಿ, ಧ್ವನಿತಂತುಗಳನ್ನು ಕಣ್ಣಾರೆ ಕಂಡು, ಅವುಗಳ ನಡುವೆ ನಳಿಕೆಯನ್ನು ಇಳಿಸಿ, ಬುಗ್ಗೆಯನ್ನು ಉಬ್ಬಿಸಿದರೆ ಶ್ವಾಸಕೋಶಕ್ಕೆ ಭದ್ರವಾದ ಒಂದು ದಾರಿ ಆಯಿತು. ಆದರೆ ನಳಿಕೆ ಧ್ವನಿತಂತುಗಳ ನಡುವೆಯೇ ಕುಳಿತಿರುವುದರಿಂದ, ಅದು ಇರುವಷ್ಟು ಕಾಲ ಆ ಮನುಷ್ಯ ಮಾತನಾಡಲಾರ. ಕೂಗಲಾರ, ನರಳಲಾರ. ನಳಿಕೆಯು ಉಸಿರನ್ನು ಸಾಲ ಕೊಡುತ್ತದೆ; ಅದಕ್ಕೆ ಒತ್ತೆಯಾಗಿ ಮಾತನ್ನು ಇಟ್ಟುಕೊಳ್ಳುತ್ತದೆ. ನಾನು ಹೇಳಲಿರುವ ಎಲ್ಲ ಅಪಾಯಗಳ ಬೇರಿಗೂ ಈ ಒಂದು ಸಂಗತಿ ಅಂಟಿಕೊಂಡಿದೆ.

ಈ ಸಾಧನ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ೧೮೭೮ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯುವೆನ್ ಎಂಬ ಶಸ್ತ್ರವೈದ್ಯನು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯಿಳಿಸಿ ಅರಿವಳಿಕೆ ಕೊಡಿಸಿದನು. ಅದೇ ಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರುಗಟ್ಟಿಸಿ ಕೊಲ್ಲುತ್ತಿತ್ತು. ನ್ಯೂಯಾರ್ಕಿನ ಜೋಸೆಫ್ ಓಡ್ವಯರ್ ಅನಾಥ ಮಕ್ಕಳ ಆಸ್ಪತ್ರೆಯಲ್ಲಿ ಅಂಥ ಸಾವುಗಳನ್ನು ಕಂಡು ಬೇಸತ್ತು, ವರ್ಷಗಟ್ಟಲೆ ಪ್ರಯೋಗ ನಡೆಸಿ, ಗಂಟಲನ್ನು ಕೊಯ್ಯದೆ ಒಳಗಿಳಿಸಬಹುದಾದ ಲೋಹದ ಸಣ್ಣ ಕೊಳವೆಗಳನ್ನು ಮಾಡಿಸಿದನು. ೧೮೮೫ರಲ್ಲಿ ಆತ ತನ್ನ ಅನುಭವವನ್ನು ಪ್ರಕಟಿಸಿದನು. ಇತ್ತ ನಮ್ಮ ಸೀಮೆಯ ಮಗ್ಗುಲಲ್ಲಿ, ಕಾಗವಾಡಕ್ಕೆ ಕೂಗಳತೆಯಲ್ಲಿರುವ ಮಿರಜದಲ್ಲಿ, ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ೧೮೯೪ರಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಅಥಣಿ, ರಾಯಬಾಗಗಳ ಕಡೆಯ ಎಷ್ಟು ತಲೆಮಾರುಗಳು ಮೈಯಲ್ಲಿ ನೋವು ಹೊತ್ತು ಮಿರಜಕ್ಕೆ ಹೋಗಿಬಂದಿವೆಯೋ ಲೆಕ್ಕವಿಲ್ಲ.

ನಳಿಕೆಯ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ ಘಟನೆ ೧೯೫೨ರ ಕೋಪನ್‌ಹೇಗನ್ನಿನದು. ಆ ವರ್ಷ ಅಲ್ಲಿ ಪೋಲಿಯೋ ಮಾರಿಯಂತೆ ಹರಡಿತು. ಉಸಿರಾಟದ ಸ್ನಾಯುಗಳು ಸೋತ ರೋಗಿಗಳನ್ನು ಆಗಿನ ಯಂತ್ರಗಳು ಉಳಿಸಲಾರದೆ ಹೋದುವು. ಮೊದಲ ಮೂವತ್ತೊಂದು ಮಂದಿಯಲ್ಲಿ ಇಪ್ಪತ್ತೇಳು ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಕೊರಳಿನಲ್ಲಿ ರಂಧ್ರ ಮಾಡಿಸಿ, ನಳಿಕೆ ಇಡಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯೂಡಿದನು. ಹುಡುಗಿ ಬದುಕಿದಳು. ಯಂತ್ರಗಳು ಸಾಲದುದರಿಂದ ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ಬಳಿ ಕುಳಿತು, ಹಗಲೂ ರಾತ್ರಿ ವಾರಗಟ್ಟಲೆ ಆ ಚೀಲಗಳನ್ನು ಹಿಸುಕಿದರು. ನೂರಕ್ಕೆ ಎಂಬತ್ತೇಳರಷ್ಟಿದ್ದ ಸಾವು ಕ್ರಮೇಣ ಇಪ್ಪತ್ತೈದರ ಆಸುಪಾಸಿಗೆ ಇಳಿಯಿತು. ಇಂದಿನ ತೀವ್ರನಿಗಾ ಘಟಕಗಳ ಮೂಲ ಅಲ್ಲಿದೆ. ಆ ಘಟಕಗಳು ಹುಟ್ಟಿದ್ದು ಯಂತ್ರದಿಂದಲ್ಲ, ರೋಗಿಯ ಮಗ್ಗುಲಲ್ಲಿ ಎಚ್ಚರವಾಗಿ ಕುಳಿತ ಮನುಷ್ಯರಿಂದ.

ಇನ್ನು ಅಪಾಯಗಳ ಮಾತು. ಮೊದಲು ಒಂದು ಭೇದವನ್ನು ತಿಳಿಯಬೇಕು. ಹರ್ನಿಯಾಕ್ಕೋ ಪಿತ್ತಕೋಶದ ಹರಳಿಗೋ ನಿಗದಿಯಾದ ದಿನ ಉಪವಾಸವಿದ್ದು ಬಂದ ರೋಗಿಗೆ ನಳಿಕೆ ಇಡುವುದು ಬೇರೆ. ಉಸಿರು ಸೋತು, ರಕ್ತದೊತ್ತಡ ಕುಸಿದು, ನಡುರಾತ್ರಿ ಬಂದವನಿಗೆ ಇಡುವುದು ಬೇರೆ. ಬ್ರಿಟನ್ನಿನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಅರಿವಳಿಕೆಯ ಸಂದರ್ಭದಲ್ಲಿ ಉಸಿರುದಾರಿಯ ಗಂಭೀರ ಅನಾಹುತವಾಗುವುದು ಇಪ್ಪತ್ತೆರಡು ಸಾವಿರಕ್ಕೊಂದು ಸಲ. ಆದರೆ ಇಪ್ಪತ್ತೊಂಬತ್ತು ದೇಶಗಳಲ್ಲಿ ೨,೯೬೪ ತೀವ್ರ ಅಸ್ವಸ್ಥರನ್ನು ಗಮನಿಸಿ ೨೦೨೧ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಚಿತ್ರವನ್ನು ಕೊಟ್ಟಿತು. ಅಂಥವರಿಗೆ ನಳಿಕೆ ಇಡುವಾಗ ನೂರಕ್ಕೆ ನಲವತ್ತೈದು ಮಂದಿಗೆ ಒಂದಲ್ಲ ಒಂದು ದೊಡ್ಡ ತೊಡಕು ಉಂಟಾಯಿತು. ಹೆಚ್ಚಿನವರಲ್ಲಿ ರಕ್ತಪರಿಚಲನೆ ಕುಸಿಯಿತು. ನೂರಕ್ಕೆ ಒಂಬತ್ತು ಮಂದಿಯಲ್ಲಿ ಆಮ್ಲಜನಕ ತೀರ ಇಳಿಯಿತು. ನೂರಕ್ಕೆ ಮೂವರ ಹೃದಯವೇ ನಿಂತಿತು. ಪಡಸಾಲೆಯ ಅಂಜಿಕೆಗೆ ಕಾರಣವಿಲ್ಲದಿಲ್ಲ ಎಂದು ನಾನು ಹೇಳಿದ್ದು ಇದಕ್ಕಾಗಿಯೇ.

ಹೀಗೇಕೆ ಆಗುತ್ತದೆ? ನಳಿಕೆ ಇಡಬೇಕಾದರೆ ರೋಗಿಗೆ ನಿದ್ದೆಯ ಮದ್ದನ್ನೂ ಸ್ನಾಯು ಸಡಿಲಿಸುವ ಮದ್ದನ್ನೂ ಕೊಡುತ್ತೇವೆ. ಅಂದರೆ ಅವನಲ್ಲಿ ಉಳಿದಿದ್ದ ಅಷ್ಟಿಷ್ಟು ಉಸಿರನ್ನೂ ನಾವೇ ನಿಲ್ಲಿಸುತ್ತೇವೆ. ಬಳಿಕ ನಳಿಕೆ ಕೂಡುವವರೆಗಿನ ಕಾಲವೆಲ್ಲ ನಮ್ಮ ಹೊಣೆ. ಆರೋಗ್ಯವಂತನಿಗೆ ಮುಂಚಿತವಾಗಿ ಮೂರು ನಿಮಿಷ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದ್ದರೆ ಶ್ವಾಸಕೋಶದಲ್ಲಿ ಏಳೆಂಟು ನಿಮಿಷಗಳ ಬುತ್ತಿ ಕೂಡಿರುತ್ತದೆ. ನ್ಯುಮೋನಿಯಾದಿಂದ ಬಳಲಿದವನಿಗೆ, ತುಂಬು ಬಸುರಿಗೆ, ಹಸುಗೂಸಿಗೆ, ಬಹಳ ಸ್ಥೂಲದೇಹಿಗೆ ಆ ಬುತ್ತಿ ನೋಡುನೋಡುತ್ತಿರುವಂತೆ ಕರಗಿಹೋಗುತ್ತದೆ. ನಾಲ್ಕೈದು ನಿಮಿಷ ಆಮ್ಲಜನಕವಿಲ್ಲದಿದ್ದರೆ ಮಿದುಳಿಗೆ ಪೆಟ್ಟು. ಹೊಟ್ಟೆಯಲ್ಲಿ ಅನ್ನವಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಶಸ್ತ್ರಕ್ರಿಯೆಗೆ ಮುಂಚೆ ಉಪವಾಸವಿರಬೇಕೆಂದು ನಾವು ಹಟ ಹಿಡಿಯುವುದು ಇದೇ ಕಾರಣಕ್ಕೆ. "ಬರೇ ಒಂದ ಕಪ್ಪ ಚಾ ಕುಡದೇನ್ರಿ" ಎಂಬ ಮಾತನ್ನು ಮುಚ್ಚಿಡಬೇಡಿ. ಅದು ಬರೇ ಚಹದ ಮಾತಲ್ಲ.

ಕೆಲವರ ಬಾಯಿ, ದವಡೆ, ಕುತ್ತಿಗೆಗಳ ರಚನೆಯೇ ಕಠಿಣ. ತೆಲುಗು ನಾಡಿನಿಂದ ಬಾಸ್ಟನ್ನಿಗೆ ಹೋಗಿ ನೆಲೆಸಿದ ಶೇಷಗಿರಿ ಮಲ್ಲಂಪಾಟಿ ಎಂಬ ವೈದ್ಯರು ೧೯೮೫ರಲ್ಲಿ ಒಂದು ಸರಳ ಪರೀಕ್ಷೆಯನ್ನು ತಿಳಿಸಿಕೊಟ್ಟರು: ರೋಗಿ ಬಾಯಗಲಿಸಿ ನಾಲಿಗೆ ಚಾಚಿದಾಗ ಗಂಟಲು ಎಷ್ಟು ಕಾಣುತ್ತದೆ ಎಂದು ನೋಡುವುದು. ಇಂದು ಜಗತ್ತಿನಾದ್ಯಂತ ಅರಿವಳಿಕೆಯವರು ಅವರ ಹೆಸರಿನಿಂದಲೇ ಆ ಪರೀಕ್ಷೆಯನ್ನು ಕರೆಯುತ್ತಾರೆ. ಆದರೂ ಎಲ್ಲವನ್ನೂ ಮುಂಚಿತವಾಗಿ ತಿಳಿಯಲಾಗದು. ಹಲ್ಲು ಮುರಿಯಬಹುದು, ತುಟಿ ಗಂಟಲುಗಳಲ್ಲಿ ಗಾಯವಾಗಬಹುದು. ನಳಿಕೆ ಹೆಚ್ಚು ಕೆಳಗಿಳಿದರೆ ನೇರವಾಗಿರುವ ಬಲಗವಲಿಗೆ ಜಾರಿ, ಎಡ ಶ್ವಾಸಕೋಶ ಗಾಳಿಯಿಲ್ಲದೆ ಉಳಿಯಬಹುದು. ಎಲ್ಲಕ್ಕಿಂತ ಘೋರವಾದುದೆಂದರೆ, ಹಿಂದಿನ ದಾರಿಯಾದ ಅನ್ನನಾಳಕ್ಕೆ ನಳಿಕೆ ಹೋಗಿದ್ದು ಅದು ಯಾರಿಗೂ ತಿಳಿಯದಿರುವುದು. ಹೋಗುವುದು ತಪ್ಪಲ್ಲ, ಎಂಥ ಅನುಭವಿಯ ಕೈಯಲ್ಲಿಯೂ ಅದು ಆಗುತ್ತದೆ. ತಿಳಿಯದೆ ಇರುವುದೇ ಕೊಲ್ಲುವುದು.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನಾನು ವೃತ್ತಿಗಿಳಿದ ಹೊಸತರಲ್ಲಿ, ಒಂದು ಮಳೆಯ ರಾತ್ರಿ, ಸಣ್ಣದೊಂದು ಆಸ್ಪತ್ರೆಯಲ್ಲಿ ಹೆರಿಗೆ ಕಷ್ಟವಾದ ಹೆಂಗಸಿಗೆ ತುರ್ತಾಗಿ ಶಸ್ತ್ರಕ್ರಿಯೆ ಮಾಡಬೇಕಾಯಿತು. ನಾನು ನಳಿಕೆಯಿಟ್ಟೆ, ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಆಲಿಸಿದೆ, ಸಪ್ಪಳ ಕೇಳಿಸಿದಂತಾಯಿತು. ಸರಿಯಾಗಿದೆಯೆಂದು ತಲೆಯಾಡಿಸಿದೆ. ಕಾಲದೆಸೆಯಲ್ಲಿ ನಿಂತಿದ್ದ ಹಿರಿಯ ದಾದಿ ಮೆಲ್ಲನೆ, "ಸರ್, ಹೊಟ್ಟಿ ಉಬ್ಬಾಕತ್ತೈತ್ರಿ" ಎಂದರು. ನನಗೆ ಸಿಟ್ಟು ಬಂದಿತು. ಓದಿಬಂದವನು ನಾನು. "ನಾ ಕೇಳೇನ್ರಿ, ಬರೋಬ್ಬರಿ ಐತಿ" ಎಂದೆ. ಅಷ್ಟಕ್ಕೆ ಅವರು ಸುಮ್ಮನಾಗಬಹುದಿತ್ತು. ಆ ಕಾಲದಲ್ಲಿ ವೈದ್ಯನ ಮಾತಿಗೆ ದಾದಿ ಎದುರಾಡುವ ರೂಢಿ ಇರಲಿಲ್ಲ. ಅವರು ಸುಮ್ಮನಾಗಲಿಲ್ಲ. ಹತ್ತಿರ ಬಂದು, "ಇನ್ನೊಮ್ಮೆ ನೋಡ್ರಿ ಸರ್, ತುಟಿ ಕಪ್ಪಾಗಾಕತ್ತಾವು" ಎಂದರು. ನಾನು ನಳಿಕೆಯನ್ನು ಕಿತ್ತೆ, ಮುಖವಾಡವಿಟ್ಟು ಆಮ್ಲಜನಕ ಊಡಿದೆ, ಮತ್ತೆ ನೋಡಿ ಮತ್ತೆ ಇಟ್ಟೆ. ತುಟಿಗೆ ಬಣ್ಣ ಮರಳಿತು. ತಾಯಿ ಉಳಿದಳು, ಕೂಸೂ ಉಳಿಯಿತು. ಆ ಹೆಂಗಸಿಗೆ ಇದೊಂದೂ ತಿಳಿಯದು. ಮೂರನೆಯ ದಿನ ಆಕೆ ನನಗೆ ಕೈಮುಗಿದಾಗ, ಮುಗಿಯಬೇಕಾದ ಕೈಗಳು ಅವಲ್ಲ, ನನ್ನವು, ಅದೂ ಆ ದಾದಿಗೆ, ಎಂದು ನನಗೆ ಗೊತ್ತಿತ್ತು. ಆದರೂ ಅಂದು ನಾನು ಅವರಿಗೆ ಏನೂ ಹೇಳಲಿಲ್ಲ. ಅವರು ನಿವೃತ್ತರಾದ ದಿನ ಹೇಳಿದೆ. ಅಷ್ಟು ವರ್ಷ ತಡಮಾಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಆ ದಾದಿಯ ಮಾತನ್ನು ನಾನು ಕೇಳದೆ ಹೋಗಿದ್ದರೆ? ಅದಕ್ಕೆ ಉತ್ತರವನ್ನು ೨೦೦೫ರ ಮಾರ್ಚಿಯಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆ ಕೊಡುತ್ತದೆ. ಮೂಗಿನ ಒಂದು ಸಾಮಾನ್ಯ ಶಸ್ತ್ರಕ್ರಿಯೆಗೆ ಬಂದ ಮಹಿಳೆಗೆ ಅರಿವಳಿಕೆ ಕೊಟ್ಟಮೇಲೆ ಉಸಿರುದಾರಿ ಸಿಗಲಿಲ್ಲ. ನುರಿತ ವೈದ್ಯರು ಸೇರಿದರು. ನಳಿಕೆ ಇಡಲು ಮತ್ತೆ ಮತ್ತೆ ಹೆಣಗಿದರು. ಕೊರಳಿನಲ್ಲಿ ರಂಧ್ರ ಮಾಡುವ ಹೊತ್ತು ಬಂದಿದೆಯೆಂದು ಅಲ್ಲಿದ್ದ ದಾದಿಯರಿಗೆ ಹೊಳೆದಿತ್ತು. ಒಬ್ಬಳು ಅದರ ಸಲಕರಣೆಗಳನ್ನೂ ತಂದಿಟ್ಟಳು. ಆದರೆ ಹೆಣಗುತ್ತಿದ್ದವರ ಕಿವಿಗೆ ಅದು ಮುಟ್ಟಲಿಲ್ಲ. ಮುಟ್ಟುವಂತೆ ಗಟ್ಟಿಯಾಗಿ ಹೇಳುವ ಧೈರ್ಯ ಇವರಿಗೆ ಬರಲಿಲ್ಲ. ಹದಿಮೂರು ದಿನಗಳ ಬಳಿಕ ಆಕೆ ತೀರಿಕೊಂಡಳು. ಆಕೆಯ ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನ ಚಾಲಕ. ಅವನು ಯಾರನ್ನೂ ಜೈಲಿಗೆ ಕಳಿಸಲು ಹೊರಡಲಿಲ್ಲ. ವಿಮಾನದಲ್ಲಿ ಕಿರಿಯ ಚಾಲಕನು ಹಿರಿಯನ ತಪ್ಪನ್ನು ಬಾಯಿಬಿಟ್ಟು ಹೇಳುವುದನ್ನು ನಾವು ಕಲಿಸುತ್ತೇವೆ, ಆಸ್ಪತ್ರೆಯಲ್ಲಿ ಏಕೆ ಕಲಿಸುವುದಿಲ್ಲ ಎಂದು ಕೇಳಿದನು. ೨೦೦೭ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದನು. ಅಂದಿನಿಂದ ಅರಿವಳಿಕೆಯ ಶಿಕ್ಷಣದಲ್ಲಿ ಕೈಚಳಕದಷ್ಟೇ ಕೇಳುವ ಕಿವಿಗೂ ಬೆಲೆ ಬಂದಿತು. ನಮ್ಮ ದೇಶದ ತಜ್ಞರು ೨೦೧೬ರಲ್ಲಿ ಹೊರತಂದ ಮಾರ್ಗಸೂಚಿಯೂ ಪ್ರಯತ್ನಗಳಿಗೆ ಮಿತಿಯಿರಲಿ, ನಡುನಡುವೆ ಆಮ್ಲಜನಕ ಕೊಡಿ, ನೆರವಿಗಾಗಿ ಬೇಗ ಕೂಗಿ ಎಂದು ಹೇಳುತ್ತದೆ.

ನಳಿಕೆ ಸರಿಯಾದ ದಾರಿಯಲ್ಲಿದೆಯೆ ಎಂದು ತಿಳಿಯಲು ಈಗ ನಂಬಬಹುದಾದ ಒಂದು ಸಾಧನವಿದೆ. ಶ್ವಾಸಕೋಶದಿಂದ ಹೊರಬರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಹೊಟ್ಟೆಯಿಂದ ಬರುವುದರಲ್ಲಿ ಹಾಗೆ ಇರದು. ಪ್ರತಿ ಉಸಿರಿಗೂ ಅದನ್ನು ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಈ ಸಾಧನಕ್ಕೆ ಕ್ಯಾಪ್ನೋಗ್ರಾಫು ಎಂದು ಹೆಸರು. ಅಲೆ ಬರದಿದ್ದರೆ ನಳಿಕೆ ತಪ್ಪು ದಾರಿಯಲ್ಲಿದೆಯೆಂದೇ ತಿಳಿಯಬೇಕು. ನಾನು ಆಗಲೇ ಹೇಳಿದ ಬ್ರಿಟನ್ನಿನ ಸಮೀಕ್ಷೆಯು, ತೀವ್ರನಿಗಾ ಘಟಕಗಳಲ್ಲಿ ಉಸಿರುದಾರಿ ತಪ್ಪಿ ಆದ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವಕ್ಕೆ ಈ ಸಾಧನವನ್ನು ಬಳಸದಿದ್ದುದೂ ಕಾರಣವಾಗಿರಬಹುದೆಂದು ಕಂಡುಕೊಂಡಿತು. ನಾನು ವೃತ್ತಿಗೆ ಬಂದಾಗ ಇದು ನಮ್ಮ ಕಡೆ ಇರಲಿಲ್ಲ. ನಮಗಿದ್ದುದು ದಾದಿಯ ಕಣ್ಣು.

ನಳಿಕೆ ಕೂತಮೇಲೂ ಗಂಡಾಂತರ ಮುಗಿಯದು. ಕಫ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳಬಹುದು, ಹೊರಳಿಸುವಾಗ ಜಾರಬಹುದು, ಅರೆಎಚ್ಚರದಲ್ಲಿ ರೋಗಿಯೇ ಕಿತ್ತುಕೊಳ್ಳಬಹುದು. ತುದಿಯ ಬುಗ್ಗೆಯನ್ನು ಅಳತೆಮೀರಿ ಉಬ್ಬಿಸಿದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಆ ಹುಣ್ಣು ಮಾಯುವಾಗ ನಾಳವೇ ಸಂಕುಚಿತವಾಗುತ್ತದೆ. ನಳಿಕೆ ತೆಗೆದು ವಾರಗಳಾದಮೇಲೆ ಉಸಿರಾಡುವಾಗ ಸೀಟಿಯಂಥ ಸಪ್ಪಳ ಬರತೊಡಗಿದರೆ ಅದನ್ನು ದಮ್ಮು ಎಂದು ಉಪೇಕ್ಷಿಸದೆ ಕೂಡಲೇ ತೋರಿಸಬೇಕು. ಬಾಯಿಯ ಕೊಳೆ ನಳಿಕೆಯ ಬದಿಯಿಂದ ಇಳಿದು ನ್ಯುಮೋನಿಯಾ ತರುತ್ತದೆ. ಹಾಸಿಗೆಯ ತಲೆದೆಸೆ ಎತ್ತರಿಸುವುದು, ಬಾಯಿ ಶುಚಿಯಾಗಿಡುವುದು, ಕೈ ತೊಳೆದೇ ಮುಟ್ಟುವುದು, ಇಂದು ನಳಿಕೆ ತೆಗೆಯಬಹುದೆ ಎಂದು ಪ್ರತಿ ಬೆಳಿಗ್ಗೆ ಕೇಳಿಕೊಳ್ಳುವುದು—ಇಂಥ ಸಣ್ಣ ಕೆಲಸಗಳೇ ಇಲ್ಲಿ ಜೀವ ಉಳಿಸುತ್ತವೆ. ಬಹುದಿನ ಬೇಕಾದರೆ ಕೊರಳಿನಲ್ಲಿ ರಂಧ್ರ ಮಾಡಿ ನಳಿಕೆಯನ್ನು ಅಲ್ಲಿಗೆ ಬದಲಿಸುತ್ತಾರೆ. "ಕೊಳ್ಳ ಕೊಯ್ದರು" ಎಂದು ಮನೆಯವರು ಗಾಬರಿಯಾಗುತ್ತಾರೆ. ಎಷ್ಟೋ ಸಲ ಅದು ರೋಗಿಗೆ ನೆಮ್ಮದಿಯ ದಾರಿ. ನಳಿಕೆ ತೆಗೆದ ಮೇಲೆ ಕೆಲದಿನ ದನಿ ಗೊಗ್ಗರಾಗುವುದು ಸಾಮಾನ್ಯ. ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಧ್ವನಿತಂತುವಿಗೆ ಪೆಟ್ಟಾಗಿ ಉಳಿದುಬಿಡುತ್ತದೆ. ನನ್ನ ಕೈಯಿಂದಲೇ ನಳಿಕೆ ಇರಿಸಿಕೊಂಡ ಪಾರಿಜಾತದ ಹಾಡುಗಾರನೊಬ್ಬನ ದನಿ ಮರಳಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ನನಗೂ ಸುಖವಿರಲಿಲ್ಲ.

ಇಷ್ಟೆಲ್ಲ ಅಪಾಯಗಳಿದ್ದರೆ ನಳಿಕೆಯೇ ಬೇಡವೆನ್ನಬಹುದಲ್ಲ? ಅದಕ್ಕೆ ಉತ್ತರವಾಗಿ ನಮ್ಮ ಕೃಷ್ಣಾ ತೀರದ ಒಂದು ಸಂಗತಿಯನ್ನು ಹೇಳುತ್ತೇನೆ.

ಕಬ್ಬಿನ ಸೀಮೆಯಲ್ಲಿ ಕಟ್ಟುಹಾವಿನ ಕಾಟವಿದೆ. ಗಡಿಯ ಮರಾಠಿ ಮಾತಿನವರು ಅದನ್ನು ಮಣ್ಯಾರ ಎನ್ನುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚುತ್ತದೆ. ಬಾವಿಲ್ಲ, ಉರಿಯಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುವುವು. ವಿಷವು ನರದ ತುದಿಗಳನ್ನೇ ಕೆಡಿಸಿರುವುದರಿಂದ, ತಡವಾದರೆ ಪ್ರತಿವಿಷದ ಸೂಜಿಮದ್ದು ಕೂಡ ಅದನ್ನು ಒಡನೆ ಸರಿಪಡಿಸಲಾರದು. ನರದ ತುದಿಗಳು ತಾವಾಗಿ ಚಿಗುರಬೇಕು; ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಷ್ಟು ಕಾಲ ಉಸಿರನ್ನು ಬೇರೆಯವರು ಸಾಲ ಕೊಟ್ಟರೆ ಮನುಷ್ಯ ಮರಳಿ ಎಂದಿನಂತಾಗುತ್ತಾನೆ. ಕೊಡದಿದ್ದರೆ ಅಂದೇ ಸಾಯುತ್ತಾನೆ.

ಕಾಗವಾಡದ ಕಡೆಯ ಹೊಲದ ಗುಡಿಸಲಿನಿಂದ ಹನ್ನೆರಡರ ಒಬ್ಬ ಹುಡುಗನನ್ನು ಹೀಗೆ ತಂದರು. ಕಣ್ಣು ಮುಚ್ಚಿತ್ತು, ಕೈಕಾಲು ಸತ್ತಂತಿದ್ದುವು, ಉಸಿರು ಎಳೆಯಷ್ಟು ಉಳಿದಿತ್ತು. ನಳಿಕೆ ಇಡಬೇಕೆಂದೆ. ಸೋದರಮಾವ ಅಡ್ಡ ನಿಂತ. "ಬ್ಯಾಡ್ರಿ ಸಾಹೇಬ್ರ, ನಳಿ ಹಾಕಿದ್ರ ಮುಗೀತು. ಮನೀಗಿ ಒಯ್ಯೂನು, ಅವ್ವನ ತೊಡೀ ಮ್ಯಾಲ ಹೋಗಲಿ." ಅವನಿಗೆ ಹುಡುಗನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಹೆಚ್ಚು ಪ್ರೀತಿಯಿದ್ದುದರಿಂದಲೇ ಹಾಗೆಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಈ ನಳಿಕೆ ರೋಗಕ್ಕೆ ಮದ್ದಲ್ಲ, ಹುಡುಗನ ನರ ಚಿಗುರುವವರೆಗೆ ಇದು ಕಾಯುವ ಕೂಲಿಯಾಳು ಎಂದು ತಿಳಿಯಹೇಳಿದೆ. ಬಹಳ ಹೊತ್ತು ನೆಲ ನೋಡುತ್ತ ನಿಂತವನು ಕೊನೆಗೆ, "ಹಂಗಾದ್ರ ಹಾಕ್ರಿ" ಎಂದ. ನಳಿಕೆ ಇಟ್ಟು, ಕೈಚೀಲ ಹಿಸುಕುತ್ತ ಮಿರಜಕ್ಕೆ ಹೊರಟೆವು. ದಾರಿಯಲ್ಲಿ ನನ್ನ ಕೈ ಸೋತಾಗ ಆ ಮಾವನೇ ಚೀಲವನ್ನು ಹಿಸುಕಿದ. ಕಬ್ಬು ಕಡಿದು ಜಡ್ಡುಗಟ್ಟಿದ ಆ ಕೈ ಒಂದು ಸಲವೂ ತಾಳ ತಪ್ಪಲಿಲ್ಲ.

ಹತ್ತನೆಯ ದಿನ ಹುಡುಗನ ರೆಪ್ಪೆ ಅಲುಗಿತು. ನಳಿಕೆ ತೆಗೆದ ಮೇಲೆ ಗೊಗ್ಗರು ದನಿಯಲ್ಲಿ ಅವನು ಮಾವನಿಗೆ ಆಡಿದ ಮೊದಲ ಮಾತು ಇದು: "ಮಾಮಾ, ನನ್ನ ಮನೀಗಿ ಒಯ್ಯೂನು ಅಂದಿದ್ದು ನಾ ಕೇಳೇನಿ." ಮಾವ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಅರಿವನ್ನಲ್ಲ. ಸತ್ತಂತೆ ಮಲಗಿದ್ದ ಆ ಹುಡುಗ ಎಲ್ಲವನ್ನೂ ಕೇಳುತ್ತಿದ್ದ. ಆಗಲೂ ಹೇಳಲಾರ, ನಳಿಕೆ ಇಟ್ಟಮೇಲೂ ಹೇಳಲಾರ. ಅಂದಿನಿಂದ ನಳಿಕೆ ಇರುವ ಯಾವ ರೋಗಿಯ ಮಗ್ಗುಲಲ್ಲಿಯೂ ನಾನು ಅವನಿಲ್ಲವೆಂಬಂತೆ ಮಾತನಾಡಿಲ್ಲ. ಹೆಸರು ಹಿಡಿದು ಕರೆಯುತ್ತೇನೆ, ಮಾಡುವುದನ್ನು ಹೇಳಿ ಮಾಡುತ್ತೇನೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪಿಡುಗೆಂದು ಸಾರಿತು. ಅದು ಒಳ್ಳೆಯದು. ಆದರೆ ಹಾವು ಕಚ್ಚಿದವನನ್ನು ಗುಡಿಗೆ ಒಯ್ಯುವ ಮುನ್ನ ಆಸ್ಪತ್ರೆಗೆ ಒಯ್ಯುವುದು ನಮ್ಮ ಕೈಯಲ್ಲೇ ಇದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಾನು ಅಪ್ರಾಮಾಣಿಕನಾದೇನು. ಸಾಲ ತೀರಿಸುವ ಶಕ್ತಿ ದೇಹದಲ್ಲಿ ಉಳಿದಿಲ್ಲದಾಗ ನಳಿಕೆ ಬದುಕನ್ನು ಬೆಳೆಸದು, ಸಾವನ್ನು ಎಳೆದಾಡುತ್ತದೆ. ಮಾಗದ ರೋಗದ ಕೊನೆಯಲ್ಲಿರುವ ವೃದ್ಧರಿಗೆ ನಳಿಕೆ ಬೇಡವೆನ್ನುವುದು ಕೈಬಿಡುವುದಲ್ಲ. ತನ್ನ ಕೊನೆಯ ದಿನಗಳಲ್ಲಿ ಇಂಥ ಉಪಚಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಎತ್ತಿಹಿಡಿಯಿತು, ೨೦೨೩ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ ೨೦೨೫ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಮಾತು ಒತ್ತೆಹೋಗುವ ಮುನ್ನವೇ ಆಡಿಟ್ಟ ಮಾತು ಅದು. ಮನೆಯಲ್ಲಿ ಹಿರಿಯರೊಡನೆ ಕುಳಿತು ಇದನ್ನು ಮಾತಾಡಲು ನಾವು ಅಂಜುತ್ತೇವೆ. ಅಂಜಿದ್ದರ ಫಲವನ್ನು ಪಡಸಾಲೆಯಲ್ಲಿ ನಡುರಾತ್ರಿ ಉಣ್ಣುತ್ತೇವೆ.

ಹಾಗಾದರೆ ಕಾಗದದ ಮೇಲೆ ಸಹಿ ಕೇಳಿದಾಗ ತಾವು ಏನು ಮಾಡಬೇಕು? ಒಂದು ಪ್ರಶ್ನೆ ಕೇಳಿ: "ಡಾಕ್ಟರರೆ, ಈ ನಳಿಕೆಯಿಂದ ಸಿಗುವ ಕಾಲದಲ್ಲಿ ಏನು ಮಾಸಲಿದೆ?" ನರ ಚಿಗುರಲಿದೆ, ಸೋಂಕು ಇಳಿಯಲಿದೆ, ಶಸ್ತ್ರಕ್ರಿಯೆ ಮುಗಿಯಲಿದೆ ಎಂಬ ಉತ್ತರ ಬಂದರೆ ತಡಮಾಡದೆ ಸಹಿ ಮಾಡಿ. ಉತ್ತರವಿಲ್ಲದಿದ್ದರೆ ಕುಳಿತು ಮಾತಾಡಿ. ಬಳಿಕ ಒಳಗೆ ಬಿಟ್ಟಾಗ ಬರೇ ನೋಡಿ ಬರಬೇಡಿ. ಅವರ ಕೈಹಿಡಿದು ಮಾತಾಡಿ. ಮುಖ ಕಂದಿದ್ದರೆ, ಎದೆಯ ಏರಿಳಿತ ಬೇರೆಯಾಗಿ ಕಂಡರೆ, ಕಣ್ಣಿನಲ್ಲಿ ಸಂಕಟ ಕಂಡರೆ, ಸಂಕೋಚ ಬಿಟ್ಟು ದಾದಿಯನ್ನು ಕರೆಯಿರಿ. ಯಾರಾದರೂ ಗದರಿದರೆ ಇನ್ನೊಮ್ಮೆ ಕರೆಯಿರಿ.

ನನ್ನನ್ನು ಆ ಮಳೆಯ ರಾತ್ರಿ ಕೊಲೆಯ ಪಾಪದಿಂದ ಉಳಿಸಿದ್ದು ಒಬ್ಬ ದಾದಿ ಎರಡನೆಯ ಸಲ ಆಡಿದ ಮಾತು. ಮೊದಲನೆಯ ಮಾತನ್ನು ನಾನು ಕೇಳಿರಲಿಲ್ಲ. ಮಾತು ಕಳೆದುಕೊಂಡು ಮಲಗಿದವರ ಪರವಾಗಿ ಎರಡನೆಯ ಸಲ ಆಡಬಲ್ಲವರು ಬಳಿಯಲ್ಲಿದ್ದರೆ, ನಳಿ ಹಾಕಿಸಿಕೊಂಡವರು ತಿರುಗಿ ಬರುತ್ತಾರೆ. ಎಲ್ಲರೂ ಅಲ್ಲ, ಆದರೆ ಪಡಸಾಲೆಯಲ್ಲಿ ಕುಳಿತವರು ಅಂಜಿಕೊಂಡಿರುವುದಕ್ಕಿಂತ ಬಹಳ ಹೆಚ್ಚು ಮಂದಿ.